ಮತದಾರನು ಗಿರಾಕಿಯೋ, ಪಾಲುದಾರನೋ?

ಚುನಾವಣೆ ಸಮೀಪಿಸಿದೊಡನೆ ಮನೆಯ ಹೊಸ್ತಿಲಿಗೆ ಬಂದು ಕೈಮುಗಿಯುವವರನ್ನು ನಾವು ಬಾಲ್ಯದಿಂದಲೂ ಕಾಣುತ್ತ ಬಂದಿದ್ದೇವೆ. ಅವರು ಹೇಳುವರು, ನಾವು ಕೇಳುವೆವು, ಕರಪತ್ರವೊಂದು ಕೈಸೇರುವುದು, ಅಲ್ಲಿಗೆ ನಮ್ಮ ಪಾತ್ರ ಮುಗಿಯಿತು. ಅಂಗಡಿಯವನಿಗೆ ಗಿರಾಕಿಯಲ್ಲಿ ಇರುವಷ್ಟೇ ಆದರ ಅವರಿಗೆ ನಮ್ಮಲ್ಲಿ. ಹೀಗಲ್ಲದೆ ಮತದಾರನನ್ನೇ ಪ್ರಚಾರದ ಪಾಲುದಾರನನ್ನಾಗಿ ಮಾಡಿಕೊಂಡರೆ ಏನಾಗುವುದೆಂಬುದಕ್ಕೆ ಅಮೆರಿಕದ 2008ರ ಅಧ್ಯಕ್ಷೀಯ ಚುನಾವಣೆ ನಿದರ್ಶನವಾಗಿದೆ. ಅದನ್ನು ಕೊಂಡಾಡಿದವರು ಬಹಳ ಮಂದಿ. ನಮ್ಮ ಗಮನ ಸೆಳೆದುದು ಮಾತ್ರ ಅದರೊಳಗೇ ಎದ್ದ ಒಂದು ಮನೆಜಗಳ.

2007ರ ಫೆಬ್ರವರಿಯಲ್ಲಿ ಬರಾಕ್ ಒಬಾಮಾ ಸ್ಪರ್ಧೆಗಿಳಿದಾಗ ಅವರು ಮೊದಲ ಅವಧಿಯ ಸೆನೆಟರ್ ಆಗಿದ್ದರು. ಅವರ ಪ್ರಚಾರ ಮಂಡಳಿಯು ಅಂತರ್ಜಾಲದಲ್ಲಿ ಬೆಂಬಲಿಗರಿಗಾಗಿ ಒಂದು ತಾಣವನ್ನು ತೆರೆಯಿತು. ಫೇಸ್‌ಬುಕ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಹ್ಯೂಸ್ ಅದಕ್ಕಾಗಿ ದುಡಿದರು. ಅಲ್ಲಿ ಬೆಂಬಲಿಗನು ಯಾರ ಅಪ್ಪಣೆಗೂ ಕಾಯದೆ ಗುಂಪು ಕಟ್ಟಬಹುದಿತ್ತು, ತನ್ನ ಮನೆಯ ಪಡಸಾಲೆಯಲ್ಲಿ ಸಭೆ ಕರೆಯಬಹುದಿತ್ತು, ದೂರವಾಣಿ ಸಂಖ್ಯೆಗಳ ಪಟ್ಟಿ ಪಡೆದು ಅಪರಿಚಿತ ಮತದಾರರೊಡನೆ ಮನೆಯಿಂದಲೇ ಮಾತನಾಡಬಹುದಿತ್ತು, ನೆಂಟರಿಷ್ಟರಿಂದ ದೇಣಿಗೆ ಕೂಡಿಸಬಹುದಿತ್ತು. ಸುಮಾರು 20 ಲಕ್ಷ ಜನರು ಹೆಸರು ನೋಂದಾಯಿಸಿದರು. ಸುಮಾರು 2 ಲಕ್ಷ ಸಭೆಗಳು ಏರ್ಪಟ್ಟವು.

ಸೀಸರ್ ಚಾವೆಜ್ ಅವರ ಕೃಷಿ ಕಾರ್ಮಿಕ ಸಂಘದಲ್ಲಿ 16 ವರ್ಷ ದುಡಿದ ಮಾರ್ಷಲ್ ಗ್ಯಾಂಜ್ ಸ್ವಯಂಸೇವಕರ ತರಬೇತಿಗೆ ರೂಪ ಕೊಟ್ಟರು. ಅಭ್ಯರ್ಥಿಯ ಗುಣಗಾನಕ್ಕಿಂತ, ತಾನೇಕೆ ಈ ಕೆಲಸಕ್ಕೆ ಬಂದೆನೆಂಬ ಸ್ವಂತ ಕಥೆಯನ್ನು ಪ್ರತಿಯೊಬ್ಬನೂ ಹೇಳಬೇಕೆಂಬುದು ಅವರ ಬೋಧನೆಯ ತಿರುಳು. ನೆರೆಮನೆಯಾಕೆಯ ಮಾತಿಗಿರುವ ತೂಕ ಭಿತ್ತಿಪತ್ರಕ್ಕೆ ಎಲ್ಲಿಂದ ಬರಬೇಕು?

ಅಂತರ್ಜಾಲದ ಮೂಲಕ ಸುಮಾರು 30 ಲಕ್ಷ ಜನ ಕೊಟ್ಟ ಹಣ 50 ಕೋಟಿ ಡಾಲರನ್ನು ಮೀರಿತು. ಎಲ್ಲವೂ ಬಡವರ ಕಾಸೆಂದು ಭಾವಿಸಬಾರದು. ಒಟ್ಟು 200 ಡಾಲರಿಗಿಂತ ಹೆಚ್ಚು ಕೊಡದವರ ಪಾಲು ವ್ಯಕ್ತಿಗಳಿಂದ ಬಂದ ಹಣದಲ್ಲಿ ಕಾಲುಭಾಗದಷ್ಟೇ ಎಂದು ಮುಂದೆ ಲೆಕ್ಕ ಹಾಕಿದವರು ಹೇಳಿದ್ದಾರೆ.

ಇನ್ನು ಆ ಜಗಳದ ವಿಷಯ. ಸರ್ಕಾರದ ದೂರವಾಣಿ ಕದ್ದಾಲಿಕೆಗೆ ನೆರವಾಗಿದ್ದ ಕಂಪನಿಗಳನ್ನು ನ್ಯಾಯಾಲಯದ ಮೊಕದ್ದಮೆಗಳಿಂದ ಪಾರುಮಾಡುವ ಮಸೂದೆ 2008ರಲ್ಲಿ ಸೆನೆಟ್ ಮುಂದೆ ಬಂದಿತು. ಅಂತಹ ರಕ್ಷಣೆಯನ್ನು ತಡೆಯುವುದಾಗಿ ಹಿಂದೆ ಮಾತುಕೊಟ್ಟಿದ್ದ ಒಬಾಮಾ, ಜೂನ್ ತಿಂಗಳಲ್ಲಿ ಮಸೂದೆಯನ್ನು ಬೆಂಬಲಿಸುವುದಾಗಿ ಸಾರಿದರು. ಕೂಡಲೇ ಅವರ ಬೆಂಬಲಿಗರೇ ಅವರದೇ ತಾಣದಲ್ಲಿ ವಿರೋಧದ ಗುಂಪು ಕಟ್ಟಿದರು. ಕೆಲವೇ ದಿನಗಳಲ್ಲಿ 20,000ಕ್ಕೂ ಹೆಚ್ಚು ಜನ ಸೇರಿ, ಅದೇ ಆ ತಾಣದ ಅತಿ ದೊಡ್ಡ ಗುಂಪಾಯಿತು! ಮಂಡಳಿಯವರು ಅದನ್ನು ಅಳಿಸಿಹಾಕಲಿಲ್ಲ. ಜುಲೈ 3ರಂದು ಒಬಾಮಾ ಬರವಣಿಗೆಯಲ್ಲಿ ಉತ್ತರಿಸಿದರು. ಆದರೆ ಜುಲೈ 9ರಂದು ಮಸೂದೆಯ ಪರವಾಗಿಯೇ ಮತ ಹಾಕಿದರು.

ಹಣ ಕೂಡಿಸುವಾಗ ಪಾಲುದಾರನಾಗಿದ್ದವನು ನಿರ್ಣಯದ ವೇಳೆಗೆ ಬರಿಯ ಶ್ರೋತೃವಾದನಲ್ಲವೇ? ಹಾಗೆಂದು ಅದೆಲ್ಲ ವ್ಯರ್ಥವೆಂದು ನಾವು ಹೇಳಲಾರೆವು. ತನ್ನ ಪ್ರಚಾರಕರಿಗೇ ಲಿಖಿತ ಸಮಜಾಯಿಷಿ ಕೊಡಬೇಕಾದ ಅಭ್ಯರ್ಥಿ ನಮ್ಮ ಕಾಲದಲ್ಲಿ ಅಪರೂಪ. ಮನಸ್ಸು ನೊಂದರೂ ಆ ಗುಂಪಿನವರಲ್ಲಿ ಅನೇಕರು ನವೆಂಬರಿನವರೆಗೂ ದುಡಿದರು. ಗೆಲುವಿನ ತರುವಾಯ, 2009ರ ಜನವರಿಯಲ್ಲಿ, ಆ ಸ್ವಯಂಸೇವಕರ ಜಾಲವನ್ನು 'ಆರ್ಗನೈಸಿಂಗ್ ಫಾರ್ ಅಮೆರಿಕ' ಎಂಬ ಹೆಸರಿನಿಂದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯೊಳಗೆ ಸೇರಿಸಲಾಯಿತು. ಜನರನ್ನು ಕರೆತಂದವರೇ ಅವರನ್ನು ಮನೆಗೆ ಕಳುಹಿಸಿಬಿಟ್ಟರೆಂದು 2010ರಲ್ಲಿ ಬಹಿರಂಗವಾಗಿ ಕೊರಗಿದವರು, ಅವರಿಗೆ ಕಥೆ ಹೇಳಲು ಕಲಿಸಿದ ಅದೇ ಗ್ಯಾಂಜ್.