ಸಾಂಕ್ರಾಮಿಕದ ಕಾಲದಲ್ಲಿ ಮೈಸೂರಿಗೆ ಹೊರಡುವ ಮುನ್ನ

2020ರ ದಸರೆಯನ್ನು ರೈತ ಬಾಂಧವರು ಮರೆತಿರಲಾರರು. ಕೊರೋನಾ ಜಾಡ್ಯದ ದೆಸೆಯಿಂದ ಜಂಬೂ ಸವಾರಿ ಬನ್ನಿಮಂಟಪದವರೆಗೆ ಸಾಗದೆ ಅರಮನೆಯ ಅಂಗಳದಲ್ಲೇ ಮುಗಿಯಿತು. ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತ ವರ್ಷವದು. ನೋಡಲು ಕೆಲವೇ ಜನರಿದ್ದರು.

ಅಂಥ ಕಾಲ ಮತ್ತೆ ಬಂದು, ಮದುವೆಗೋ ಆಸ್ಪತ್ರೆಗೋ ಮನೆಮಂದಿಯೊಡನೆ ಮೈಸೂರಿಗೆ ಹೋಗಲೇಬೇಕಾದರೆ ಮೊದಲು ವಾಹನದ ಕಡೆ ಗಮನವಿರಲಿ. ಈ ರೋಗ ಹರಡುವುದು ಉಸಿರಿನಿಂದ. ಬಯಲಿನಲ್ಲಿ ಗಾಳಿ ಅದನ್ನು ಚದುರಿಸುತ್ತದೆ. ಗಾಜು ಏರಿಸಿದ ಕಾರಿನಲ್ಲಿ ಒಬ್ಬರು ಬಿಟ್ಟ ಉಸಿರನ್ನೇ ಎಲ್ಲರೂ ಎಳೆದುಕೊಳ್ಳುತ್ತಾರೆ. ಬಾಡಿಗೆ ಉಳಿಯಿತೆಂದು ಮೂರು ಮನೆಯವರು ಒಂದೇ ಟೆಂಪೋದಲ್ಲಿ ತುಂಬಿಕೊಳ್ಳಬೇಡಿ. ಎರಡೂ ಬದಿಯ ಕಿಟಕಿ ತೆರೆದಿಡಿ. ಧೂಳು ಬಂದೀತು, ಬರಲಿ. ಹೊರಗಿನ ಡ್ರೈವರ್ ಇದ್ದರೆ ಎಲ್ಲರ ಮೂಗು, ಬಾಯಿ ಎರಡೂ ಮುಚ್ಚಿರಬೇಕು. ಗದ್ದಕ್ಕೆ ಇಳಿಬಿಟ್ಟ ಮಾಸ್ಕಿನಿಂದ ಪ್ರಯೋಜನವಿಲ್ಲ.

ಜ್ವರ, ಕೆಮ್ಮು ಇದ್ದವರು ಸುತ್ತಾಟಕ್ಕೆ ಹೊರಡಕೂಡದು. ಸೋಂಕು ತಗಲಿದವನು ಕೆಮ್ಮು ಕಾಣುವ ಒಂದೆರಡು ದಿನ ಮುಂಚೆಯೇ ರೋಗ ಹರಡಬಲ್ಲ. ಆದ್ದರಿಂದ ಬೆಟ್ಟ, ಮೃಗಾಲಯ ತೋರಿಸುವ ನೆಪದಲ್ಲಿ ಅಜ್ಜ ಅಜ್ಜಿಯನ್ನು ಕರೆದೊಯ್ಯದಿರುವುದು ಲೇಸು.

ಬುತ್ತಿ ಕಟ್ಟಿಕೊಳ್ಳಿ. ಹೋಟೆಲಿನ ಒಳಗೆ ಒತ್ತಾಗಿ ಕೂರುವ ಬದಲು ಮರದ ನೆರಳಿನಲ್ಲಿ ರೊಟ್ಟಿ, ಮೊಸರನ್ನ ಉಣ್ಣಬಹುದು.

ಸೋಂಕು ತಗಲಿದ ಮೇಲೆ ಲಕ್ಷಣ ಕಾಣಲು 2ರಿಂದ 14 ದಿನ ಹಿಡಿಯಬಹುದು. ಊರಿಗೆ ಮರಳಿದ ಮೇಲೆ ಅಷ್ಟು ದಿನ ಹಿರಿಯರ ಪಕ್ಕ ಮಲಗಬೇಡಿ. ಜ್ವರ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಾಲು ಕರೆಯಬಲ್ಲ ಒಬ್ಬರನ್ನು ಊರಿನಲ್ಲೇ ಬಿಟ್ಟುಹೋಗಿ. ಹೋದವರೆಲ್ಲ ಒಟ್ಟಿಗೆ ಹಾಸಿಗೆ ಹಿಡಿದರೆ ಕೊಟ್ಟಿಗೆಯ ದನಕ್ಕೆ ಮೇವು, ನೀರು ಕೊಡಲು ಒಬ್ಬರಾದರೂ ಬೇಕು.