‘ಡೋಂಟ್ ಸ್ಟಾರ್ವ್’: ಕಾಡಿನಲ್ಲಿ ಜೀವ ಉಳಿಸಿಕೊಳ್ಳುವ ಆಟ, ಹೊಸಬರಿಗೆ ಒಂದಿಷ್ಟು ಕಿವಿಮಾತು

ನೂಲ (ತಾ. ಗಡಹಿಂಗ್ಲಜ): ರಜೆ ಬಂತೆಂದರೆ ಗಡಿಭಾಗದ ಹಳ್ಳಿಗಳ ಕಟ್ಟೆಯ ಮೇಲೆ ಈಗ ಚೌಕಾಬಾರದ ಗೆರೆಗಳು ಕಾಣುವುದಿಲ್ಲ, ಮೊಬೈಲ್ ಹಿಡಿದು ತಲೆ ಬಗ್ಗಿಸಿದ ಹುಡುಗರು ಕಾಣುತ್ತಾರೆ. ಗುಂಡು ಹಾರಿಸುವ ಆಟಗಳೇ ಹೆಚ್ಚು. ಅವುಗಳ ನಡುವೆ ಬೇರೆ ಜಾತಿಯ ಆಟಗಳೂ ಇವೆ. ಇವುಗಳಲ್ಲಿ ಶತ್ರುವನ್ನು ಕೊಂದರೆ ಗೆಲುವಲ್ಲ, ಇಂದು ಸಾಯದೆ ನಾಳೆ ಬೆಳಗು ಕಂಡರೆ ಅದೇ ಗೆಲುವು. ಅಂಥದ್ದೊಂದು ಆಟ ‘ಡೋಂಟ್ ಸ್ಟಾರ್ವ್’. ಹೆಸರಿನ ಅರ್ಥವೇ ‘ಉಪವಾಸ ಬೀಳಬೇಡ’ ಎಂದು!

ಕೆನಡಾದ ವ್ಯಾಂಕೂವರ್ ನಗರದ ಕ್ಲೇ ಎಂಟರ್‌ಟೇನ್‌ಮೆಂಟ್ ಎಂಬ ಕಂಪನಿ 2013ರಲ್ಲಿ ಇದನ್ನು ಕಂಪ್ಯೂಟರಿಗೆಂದು ಹೊರತಂದಿತು. ಮುಂದೆ ಮೊಬೈಲಿಗೂ ಬಂತು. ಆಟದಲ್ಲಿ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ, ಎಲ್ಲ ಇಂಗ್ಲಿಷಿನಲ್ಲೇ. ಜೊತೆಗೆ ಆಟ ಏನನ್ನೂ ಹೇಳಿಕೊಡುವುದಿಲ್ಲ. ಹೀಗಾಗಿ ಹೊಸದಾಗಿ ಶುರು ಮಾಡಿದವರು ಮೊದಲ ರಾತ್ರಿಯೇ ಸತ್ತು, ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಅಂಥವರಿಗಾಗಿ, ಮಕ್ಕಳು ಏನಾಡುತ್ತಿದ್ದಾರೆಂದು ತಿಳಿಯಬಯಸುವ ತಂದೆತಾಯಿಗಳಿಗಾಗಿ ಈ ಬರಹ. ಕೊನೆಯಲ್ಲಿ ಆಟದ ಕಾಡಿಗೂ ನಮ್ಮ ಆಜರಾ, ಚಂದಗಡದ ಕಾಡಿಗೂ ಇರುವ ವ್ಯತ್ಯಾಸವನ್ನೂ ಹೇಳಿದೆ. ಅದನ್ನು ಮಾತ್ರ ತಪ್ಪದೆ ಓದಿ.

ಕಥೆ ಇಷ್ಟೇ

ವಿಲ್ಸನ್ ಎಂಬ ವಿಜ್ಞಾನಿ. ಮ್ಯಾಕ್ಸ್‌ವೆಲ್ ಎಂಬ ಮಾಯಾವಿಯ ಮಾತು ನಂಬಿ ಒಂದು ಯಂತ್ರ ಕಟ್ಟುತ್ತಾನೆ. ಆ ಯಂತ್ರವೇ ಅವನನ್ನು ಗುರುತು ಪರಿಚಯವಿಲ್ಲದ ಕಾಡಿಗೆ ಎಸೆಯುತ್ತದೆ. ಕೈ ಖಾಲಿ, ಹೊಟ್ಟೆ ಖಾಲಿ ಆಗುತ್ತಾ ಬರುತ್ತದೆ. ಇಲ್ಲಿಂದ ಆಟ ನಿಮ್ಮದು. ಪ್ರತಿ ಸಲ ಹೊಸದಾಗಿ ಶುರು ಮಾಡಿದಾಗ ಕಾಡು, ಹೊಳೆ, ಬಯಲು ಎಲ್ಲವೂ ಬೇರೆಯಾಗಿರುತ್ತವೆ. ಆದ್ದರಿಂದ ಗೆಳೆಯನ ನಕಾಶೆ ನಿಮಗೆ ಉಪಯೋಗಕ್ಕೆ ಬಾರದು. ಸತ್ತರೆ ಮುಗಿಯಿತು, ಸಾಮಾನ್ಯವಾಗಿ ಮತ್ತೆ ಮೊದಲ ದಿನದಿಂದಲೇ ಶುರು.

ಪರದೆಯ ಮೂಲೆಯಲ್ಲಿ ಮೂರು ಗುರುತುಗಳಿರುತ್ತವೆ. ಹೊಟ್ಟೆಯ ಚಿತ್ರ ಹಸಿವು, ಹೃದಯದ ಚಿತ್ರ ಆರೋಗ್ಯ, ಮಿದುಳಿನ ಚಿತ್ರ ಬುದ್ಧಿ ನೆಟ್ಟಗಿರುವುದರ ಲೆಕ್ಕ. ವಿಲ್ಸನ್‌ಗೆ ಹೊಟ್ಟೆ 150, ಆರೋಗ್ಯ 150, ಬುದ್ಧಿ 200. ಈ ಮೂರರಲ್ಲಿ ಯಾವುದು ತಳ ಕಂಡರೂ ಕೇಡೇ.

ಮೊದಲ ಹಗಲು: ಆರಿಸು, ಕೂಡಿಹಾಕು

ಆಟದ ಒಂದು ದಿನವೆಂದರೆ ನಮ್ಮ 8 ನಿಮಿಷ. ಗಡಿಯಾರದ ಹಳದಿ ಭಾಗ ಹಗಲು, ಕೆಂಪು ಭಾಗ ಮುಸ್ಸಂಜೆ, ನೀಲಿ ಭಾಗ ರಾತ್ರಿ. ಹಗಲನ್ನು ಸುತ್ತಾಟದಲ್ಲಿ ಕಳೆದರೆ ರಾತ್ರಿ ಉಳಿಗಾಲವಿಲ್ಲ.

ಕಣ್ಣಿಗೆ ಬಿದ್ದ ಹುಲ್ಲು, ಕಡ್ಡಿ, ಚಕಮಕಿ ಕಲ್ಲು ಎಲ್ಲವನ್ನೂ ಆರಿಸುತ್ತಾ ನಡೆಯಿರಿ. ಆಟದಲ್ಲಿ ಇವಕ್ಕೆ ಗ್ರಾಸ್, ಟ್ವಿಗ್ಸ್, ಫ್ಲಿಂಟ್ ಎನ್ನುತ್ತಾರೆ. ಒಂದು ಕಡ್ಡಿ, ಒಂದು ಚಕಮಕಿ ಕಲ್ಲು ಸೇರಿದರೆ ಕೊಡಲಿ. ಎರಡು ಕಡ್ಡಿ, ಎರಡು ಚಕಮಕಿ ಕಲ್ಲು ಸೇರಿದರೆ ಬಂಡೆ ಒಡೆಯುವ ಗುದ್ದಲಿ. ಕೊಡಲಿಯಿಂದ ಮರ ಕಡಿದರೆ ತುಂಡು ಸಿಗುತ್ತದೆ, ಗುದ್ದಲಿಯಿಂದ ಬಂಡೆ ಒಡೆದರೆ ಕಲ್ಲು ಸಿಗುತ್ತದೆ, ಕೆಲವು ಬಂಡೆಗಳಲ್ಲಿ ಚಿನ್ನವೂ ಸಿಗುತ್ತದೆ. ಚಿನ್ನ ಕಂಡರೆ ಬಿಡಬೇಡಿ. ಅದು ಒಡವೆಗಲ್ಲ, ಯಂತ್ರಕ್ಕೆ ಬೇಕು.

ಮೊದಲ ರಾತ್ರಿ: ಬೆಳಕೇ ಜೀವ

ಹೊಸಬರು ಸಾಯುವುದು ಹೆಚ್ಚಾಗಿ ಇಲ್ಲಿಯೇ. ಕತ್ತಲಾದ ಮೇಲೆ ಬೆಳಕಿಲ್ಲದೆ ನಿಂತರೆ ಕಣ್ಣಿಗೆ ಕಾಣದ ಚಾರ್ಲಿ ಎಂಬಾಕೆ ಹೊಡೆಯುತ್ತಾಳೆ. ಹೊಡೆಯುವ ಮೊದಲು ಒಂದು ಸದ್ದು ಕೇಳಿಸುತ್ತದೆ. ಒಂದು ಏಟಿಗೆ 100 ಆರೋಗ್ಯ ಹೋಗುತ್ತದೆ. ಇರುವುದೇ 150. ಎರಡನೆಯ ಏಟಿಗೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಎರಡು ಹುಲ್ಲು, ಎರಡು ಕಡ್ಡಿ ಇದ್ದರೆ ಪಂಜು ಸಿದ್ಧ. ಮೂರು ಹುಲ್ಲು, ಎರಡು ಮರದ ತುಂಡು ಇದ್ದರೆ ಬೆಂಕಿ ಹಾಕಬಹುದು. ಪಂಜು ಬೇಗ ಉರಿದುಹೋಗುತ್ತದೆ, ಅದು ತುರ್ತಿಗೆ ಮಾತ್ರ. ರಾತ್ರಿ ಕಳೆಯಲು ಬೆಂಕಿಯೇ ಬೇಕು. ಒಂದೆರಡು ತುಂಡು ಹೆಚ್ಚಿಗೆ ಇಟ್ಟುಕೊಂಡು, ಬೆಂಕಿ ಸಣ್ಣದಾದಾಗ ಹಾಕುತ್ತಿರಿ. ಕಲ್ಲು ಸಾಕಷ್ಟು ಕೂಡಿದ ಮೇಲೆ 12 ಕಲ್ಲು, 2 ತುಂಡಿನಿಂದ ಕಾಯಂ ಒಲೆ ಕಟ್ಟಿಕೊಳ್ಳಿ. ಅದು ಆರಿದರೂ ಜಾಗದಲ್ಲೇ ಉಳಿಯುತ್ತದೆ.

ಒಂದು ಎಚ್ಚರಿಕೆ: ಹುಲ್ಲಿನ ಪಕ್ಕ, ಗಿಡದ ಬುಡದಲ್ಲಿ ಬೆಂಕಿ ಹಾಕಬೇಡಿ. ಬಣವೆಗೆ ಕಿಡಿ ಬಿದ್ದಂತೆ ಸುತ್ತಲಿನದೆಲ್ಲ ಹೊತ್ತಿಕೊಳ್ಳುತ್ತದೆ.

ಹೊಟ್ಟೆಯ ಲೆಕ್ಕ

ಮಹಾರಾಷ್ಟ್ರದ 1972ರ ಬರ ಕಂಡ ಹಿರಿಯರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮೊಬೈಲ್ ಹುಡುಗರಿಗೆ ಹೇಳಬೇಕು. ವಿಲ್ಸನ್‌ಗೆ ದಿನಕ್ಕೆ 75 ಹಸಿವು ಇಳಿಯುತ್ತದೆ. ಒಂದು ಗಜ್ಜರಿ ತಿಂದರೆ 12.5 ತುಂಬುತ್ತದೆ. ಅಂದರೆ ದಿನಕ್ಕೆ ಆರು ಗಜ್ಜರಿ. ಪೊದೆಯ ಹಣ್ಣಾದರೆ ಎಂಟು ಬೇಕು. ಹೊಟ್ಟೆ ಸೊನ್ನೆಗೆ ಬಂದರೆ ಆರೋಗ್ಯ ಕರಗತೊಡಗುತ್ತದೆ, ತುಂಬಿದ ಆರೋಗ್ಯವಿದ್ದರೂ ಸುಮಾರು ಎರಡೇ ನಿಮಿಷದಲ್ಲಿ ಸಾವು.

ಆದರೆ ಹಸಿವು 5 ಇಳಿದಾಗಲೇ ತಿನ್ನುತ್ತಾ ಹೋಗುವುದು ದಂಡ. ತುಂಬಿದ ಹೊಟ್ಟೆಗೆ ತಿಂದದ್ದು ಲೆಕ್ಕಕ್ಕೆ ಬಾರದು. ಅರ್ಧಕ್ಕೆ ಬಂದಾಗ ತಿನ್ನಿ. ಕೂಡಿಟ್ಟ ಆಹಾರ ಹಳಸುತ್ತದೆ ಎಂಬುದೂ ನೆನಪಿರಲಿ. ಹಿನ್ನೆಲೆ ಬಣ್ಣ ಹಸಿರಿದ್ದರೆ ತಾಜಾ, ಹಳದಿಯಾದರೆ ಹಳಸುತ್ತಿದೆ, ಕೆಂಪಾದರೆ ಕೆಡುವ ಹೊತ್ತು ಬಂದಿದೆ. ಮಾಂಸವನ್ನು ಒಣಗಿಸುವ ಅಟ್ಟಣಿಗೆಗೆ ಹಾಕಿದರೆ ಬಹುಕಾಲ ಇರುತ್ತದೆ. ಬೇಸಿಗೆಯಲ್ಲಿ ಸಂಡಿಗೆ ಹಾಕಿ ಮಳೆಗಾಲಕ್ಕೆ ಇಟ್ಟುಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೆ ಇದರಲ್ಲಿ ಹೊಸದೇನೂ ಇಲ್ಲ.

ಎರಡು ಕಡ್ಡಿ, ಆರು ಹುಲ್ಲಿನಿಂದ ಬೋನು ಹೆಣೆದು ಮೊಲದ ಬಿಲದ ಬಾಯಿಗೆ ಇಟ್ಟರೆ ದಿನಾ ಮಾಂಸ ಸಿಗುತ್ತದೆ. ಓಡಿ ಮೊಲ ಹಿಡಿಯುತ್ತೇನೆ ಎನ್ನುವವನಿಗೆ ಹಸಿವೇ ಗತಿ.

ಯಂತ್ರ, ಆಮೇಲೆ ಅಡುಗೆ ಪಾತ್ರೆ

ಒಂದು ಚಿನ್ನ, ನಾಲ್ಕು ತುಂಡು, ನಾಲ್ಕು ಕಲ್ಲು ಸೇರಿದರೆ ಸೈನ್ಸ್ ಮಶಿನ್ ಆಗುತ್ತದೆ. ಇದರ ಪಕ್ಕ ನಿಂತರೆ ಹೊಸ ವಸ್ತುಗಳನ್ನು ಮಾಡಲು ಕಲಿಯಬಹುದು. ಮೊದಲು ಬೆನ್ನಚೀಲ, ಆಮೇಲೆ ಭರ್ಚಿ, ಮರದ ಕವಚ, ನಂತರ ಕ್ರಾಕ್ ಪಾಟ್ ಎಂಬ ಅಡುಗೆ ಪಾತ್ರೆ.

ಅಡುಗೆ ಪಾತ್ರೆಗೆ ಮೂರು ಕೊರೆದ ಕಲ್ಲು, ಆರು ಇದ್ದಿಲು, ಆರು ಕಡ್ಡಿ ಬೇಕು. ಸುಟ್ಟ ಮರ ಕಡಿದರೆ ಇದ್ದಿಲು ಸಿಗುತ್ತದೆ. ಪಾತ್ರೆಗೆ ನಾಲ್ಕು ಪದಾರ್ಥ ಹಾಕಬೇಕು. ಒಂದು ತುಂಡು ಮಾಂಸ, ಮೂರು ಹಣ್ಣು ಹಾಕಿದರೆ ಮಾಂಸದ ಉಂಡೆ ಆಗುತ್ತದೆ, ಅದರಿಂದ 62.5 ಹಸಿವು ತುಂಬುತ್ತದೆ. ಅದೇ ಮೂರು ಹಣ್ಣನ್ನು ಹಾಗೇ ತಿಂದಿದ್ದರೆ ಮೂವತ್ತೂ ದಾಟುತ್ತಿರಲಿಲ್ಲ. ಜೇಡ, ತೋಳನಾಯಿಗಳಿಂದ ಬರುವ ಮಾನ್ಸ್ಟರ್ ಮೀಟ್ ಎಂಬ ಕೆಟ್ಟ ಮಾಂಸವನ್ನು ಹಾಗೇ ತಿನ್ನಬೇಡಿ. ಪಾತ್ರೆಗೆ ಒಂದೇ ಒಂದು ಹಾಕಿದರೆ ತೊಂದರೆಯಿಲ್ಲ, ಹೆಚ್ಚಾದರೆ ಅಡುಗೆಯೇ ಕೆಡುತ್ತದೆ.

ಹಣ್ಣಿನ ಪೊದೆಯನ್ನು ಸಲಿಕೆಯಿಂದ ಕಿತ್ತು ನಿಮ್ಮ ಒಲೆಯ ಹತ್ತಿರ ನೆಡಬಹುದು. ಆದರೆ ಗೊಬ್ಬರ ಹಾಕದಿದ್ದರೆ ಅದು ಫಲ ಕೊಡದು. ಗೊಬ್ಬರ ಸಿಗುವುದು ಬೀಫಲೋ ಎಂಬ ಉದ್ದ ಕೂದಲಿನ ಕಾಡೆತ್ತುಗಳ ಹಿಂಡಿನಲ್ಲಿ. ಸೆಗಣಿ ಹೊತ್ತು ಹೊಲಕ್ಕೆ ಹಾಕುವುದನ್ನು ಕೆನಡಾದವರೂ ಆಟದಲ್ಲಿ ಇಟ್ಟಿದ್ದಾರೆ ನೋಡಿ!

ತಲೆ ನೆಟ್ಟಗಿರಲಿ

ರಾತ್ರಿ ಕಳೆದಂತೆ, ಭೂತಪ್ರೇತಗಳ ಹತ್ತಿರ ನಿಂತಂತೆ ಬುದ್ಧಿಯ ಅಂಕ ಇಳಿಯುತ್ತದೆ. ತೀರಾ ಇಳಿದರೆ ಕಣ್ಣಿಗೆ ಕಪ್ಪು ನೆರಳುಗಳು ಕಾಣತೊಡಗುತ್ತವೆ, ಆಮೇಲೆ ಆ ನೆರಳುಗಳೇ ಮೈಮೇಲೆ ಬೀಳುತ್ತವೆ. ಒಂದು ಹೂವು ಕಿತ್ತರೆ 5 ಅಂಕ ಏರುತ್ತದೆ. 12 ಹೂವಿನಿಂದ ದಂಡೆ ಮಾಡಿ ಮುಡಿದರೆ ನಿಧಾನವಾಗಿ ಏರುತ್ತಿರುತ್ತದೆ. ನಿದ್ದೆ ಮಾಡಿದರೂ ಏರುತ್ತದೆ. ಸಿಕ್ಕ ಗೋರಿಯನ್ನೆಲ್ಲ ಅಗೆಯುತ್ತಾ ಹೋದರೆ ಇಳಿಯುತ್ತದೆ.

ಯಾರ ತಂಟೆಗೆ ಹೋಗಬಾರದು?

ಬೀಫಲೋ ಒಂದಕ್ಕೆ ಹೊಡೆದರೆ ಇಡೀ ಹಿಂಡು ತಿರುಗಿಬೀಳುತ್ತದೆ. ಅವು ಬೆದೆಗೆ ಬಂದಾಗ ಹಿಂಭಾಗ ಕೆಂಪಾಗುತ್ತದೆ, ಆಗ ಹತ್ತಿರ ಸುಳಿಯಲೂ ಬೇಡಿ. ಜೇಡಗಳು ಮುಸ್ಸಂಜೆಗೆ ಗೂಡಿನಿಂದ ಹೊರಬರುತ್ತವೆ, ಗೂಡಿನಿಂದ ದೂರ ಬಿಡಾರ ಹೂಡಿ. ಕೆಲವು ದಿನಕ್ಕೊಮ್ಮೆ ಬೇಟೆನಾಯಿಗಳು ಬರುತ್ತವೆ. ಬರುವ ಮೊದಲು ಗುರುಗುಟ್ಟುವ ಸದ್ದು ಕೇಳಿಸುತ್ತದೆ. ಆಗ ಕೆಲಸ ಬಿಟ್ಟು ಭರ್ಚಿ ಹಿಡಿಯಿರಿ, ಇಲ್ಲವೇ ಬೀಫಲೋ ಹಿಂಡಿನ ನಡುವೆ ಹೋಗಿ ನಿಲ್ಲಿ. ನಾಯಿಗಳಿಗೂ ಹಿಂಡಿಗೂ ಜಗಳ ಬಿದ್ದು ನೀವು ಪಾರಾಗಬಹುದು.

ಮರ ಕಡಿಯುವುದಕ್ಕೂ ಮಿತಿಯಿದೆ. ಕಡಿಯುತ್ತಲೇ ಹೋದರೆ ಒಂದು ಮರವೇ ಎದ್ದು ಬಂದು ಹೊಡೆಯುತ್ತದೆ. ಬೀಜ ನೆಟ್ಟರೆ ಅದು ಶಾಂತವಾಗುವುದುಂಟು. ಕಡಿದಷ್ಟು ನೆಡುವುದು ಆಟದಲ್ಲೂ ಲಾಭವೇ.

ಮೊಬೈಲಿನ ಆವೃತ್ತಿಯಲ್ಲಿ ‘ರೈನ್ ಆಫ್ ಜೈಂಟ್ಸ್’ ಎಂಬ ಸೇರ್ಪಡೆಯೂ ಇದೆ. ಅದರಲ್ಲಿ ಸಾಮಾನ್ಯವಾಗಿ 20 ದಿನ ಕಳೆದ ಮೇಲೆ ಚಳಿಗಾಲ ಶುರು. ಆಗ ಪೊದೆ, ಹುಲ್ಲು ಮತ್ತೆ ಚಿಗುರುವುದಿಲ್ಲ. ಬೆಚ್ಚನೆಯ ಟೋಪಿ, ಬೆಂಕಿಯಲ್ಲಿ ಕಾಯಿಸಿ ಜೊತೆಗೆ ಒಯ್ಯುವ ಕಲ್ಲು, ಒಣಗಿಸಿದ ಮಾಂಸ, ಸಾಕಷ್ಟು ಕಟ್ಟಿಗೆ ಮೊದಲೇ ಸಿದ್ಧವಿರಲಿ. ಚಳಿ ಬಂದ ಮೇಲೆ ಹುಡುಕಲು ಹೊರಟವನು ವಾಪಸು ಬರುವುದು ಕಷ್ಟ.

ತಂದೆತಾಯಿಗಳಿಗೆ ಎರಡು ಮಾತು

ಇದು ದುಡ್ಡು ಪಣಕ್ಕಿಡುವ ಆಟವಲ್ಲ. ಅಂಥ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಕಾಯ್ದೆಯಿಂದ ನಿಷೇಧಿಸಿತು. ಇದನ್ನು ಹಣ ಕೊಟ್ಟು ಕೊಳ್ಳಬೇಕು. ‘ಪುಕ್ಕಟೆ ಕೊಡುತ್ತೇವೆ’ ಎಂದು ವಾಟ್ಸಾಪಿನಲ್ಲಿ ಬರುವ ಫೈಲು ಹಾಕಿಕೊಳ್ಳಬೇಡಿ. ಆಟದ ಬದಲು ನಿಮ್ಮ ಬ್ಯಾಂಕ್ ಖಾತೆಗೆ ಕನ್ನ ಹಾಕುವ ತಂತ್ರ ಅದರಲ್ಲಿರಬಹುದು. ಫೋನ್‌ಪೇ, ಗೂಗಲ್‌ಪೇ ಪಿನ್ ಮಕ್ಕಳಿಗೆ ಹೇಳಬೇಡಿ. ಆಟಕ್ಕೆ ಹೊತ್ತು ಗೊತ್ತು ಮಾಡುವುದೂ ಸುಲಭ. ‘ಇವತ್ತು ನಾಲ್ಕು ದಿನ ಬದುಕು’ ಎಂದರೆ 32 ನಿಮಿಷ, ಅಷ್ಟೇ.

ಆಟದ ಕಾಡು ಬೇರೆ, ನಮ್ಮ ಕಾಡು ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಹಿರಣ್ಯಕೇಶಿ ಹುಟ್ಟುವುದು ಅಂಬೋಲಿಯ ಕಾಡಿನಲ್ಲಿ. ಆಜರಾ ದಾಟಿ ಗಡಹಿಂಗ್ಲಜಕ್ಕೆ ಬರುತ್ತದೆ. ಅಂದರೆ ನಿಜವಾದ ಕಾಡು ನಮಗೆ ದೂರವೇನಲ್ಲ. ರಜೆಯಲ್ಲಿ ಹುಡುಗರು ಬೈಕ್ ಹತ್ತಿ ಅಲ್ಲಿಗೆ ಹೋಗುವುದೂ ಉಂಟು. ಆಟದಲ್ಲಿ ಕಲಿತದ್ದನ್ನು ಅಲ್ಲಿ ಮಾಡಿ ನೋಡಿದರೆ ಗಂಡಾಂತರ. ಏಕೆಂದರೆ ಆಟ ಕೆಲವು ಸಂಗತಿ ಮರೆಸುತ್ತದೆ, ಕೆಲವನ್ನು ತಿರುವುಮುರುವು ಮಾಡುತ್ತದೆ.

ನೀರು: ಈ ಆಟದಲ್ಲಿ ಬಾಯಾರಿಕೆಯೇ ಇಲ್ಲ. ನಿಜದಲ್ಲಿ ಊಟವಿಲ್ಲದೆ ಹಲವು ದಿನ ಬದುಕಬಹುದು, ನೀರಿಲ್ಲದೆ ಮೂರ್ನಾಲ್ಕು ದಿನವೂ ಕಷ್ಟ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇನ್ನೂ ಕಡಿಮೆ. ಮೊದಲು ನೀರು, ಆಮೇಲೆ ಉಳಿದದ್ದು.

ಅಣಬೆ: ಆಟದಲ್ಲಿ ಕೆಂಪು ಅಣಬೆ ಹಸಿ ತಿಂದರೆ 20 ಆರೋಗ್ಯ ಹೋಗುತ್ತದೆ, ಬೇಯಿಸಿದರೆ ವಿಷ ಬಹುತೇಕ ಇಳಿಯುತ್ತದೆ. ನಿಜವಾದ ವಿಷದ ಅಣಬೆಗಳಲ್ಲಿ ಕೆಲವು ಎಷ್ಟು ಬೇಯಿಸಿದರೂ ವಿಷವೇ. ತಿಂದು ಅರ್ಧ ದಿನ ಏನೂ ಆಗದೆ, ಆಮೇಲೆ ಯಕೃತ್ತು ಕೆಡುವುದುಂಟು. ಮಳೆ ಬಿದ್ದಾಗ ಹೊಲದ ಬದುವಿನಲ್ಲಿ ಏಳುವ ಅಣಬೆಯನ್ನು ಬಣ್ಣ ನೋಡಿ ನಂಬಬೇಡಿ. ಗುರುತು ಪಕ್ಕಾ ಇಲ್ಲದಿದ್ದರೆ ಮುಟ್ಟಬೇಡಿ.

ಹಾವು: ಕಬ್ಬಿನ ಗದ್ದೆಯ ನಮ್ಮ ಸೀಮೆಯಲ್ಲಿ ಇದನ್ನು ಎಷ್ಟು ಹೇಳಿದರೂ ಕಡಿಮೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕು ಮುಖ್ಯ. ಮರಾಠಿಯಲ್ಲಿ ಇವೇ ನಾಗ, ಮಣ್ಯಾರ, ಘೋಣಸ, ಫುರಸೆ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ನೆಟ್ಟಗೆ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ವಿಷ ಇಳಿಸುವುದು ಪ್ರತಿವಿಷದ ಇಂಜೆಕ್ಷನ್ ಮಾತ್ರ, ಮಂತ್ರವಲ್ಲ, ಬೇರಲ್ಲ. ಕಟ್ಟುಹಾವು ರಾತ್ರಿ ಮಲಗಿದಾಗ ಕಚ್ಚುತ್ತದೆ, ಎಷ್ಟೋ ಸಲ ಗಾಯವೂ ಕಾಣುವುದಿಲ್ಲ. ನೆಲದ ಮೇಲೆ ಮಲಗದೆ ಮಂಚ, ಸೊಳ್ಳೆ ಪರದೆ ಬಳಸಿ. ಹೊಲಕ್ಕೆ ರಾತ್ರಿ ನೀರು ಹಾಯಿಸಲು ಹೋಗುವಾಗ ಬ್ಯಾಟರಿ, ಕಾಲಿಗೆ ಬೂಟು ಇರಲಿ.

ಕಾಡುಕೋಣ, ಆನೆ: ಆಟದಲ್ಲಿ ಬೀಫಲೋ ಹಿಂಡಿನ ನಡುವೆ ನಿಂತು ಪಾರಾಗಬಹುದು ಎಂದೆವಲ್ಲ? ನಮ್ಮ ಕಾಡುಕೋಣದ ಹತ್ತಿರ, ಮರಾಠಿಯವರ ಗವಾರೆಡ್ಯಾದ ಹತ್ತಿರ, ಅದನ್ನು ಯೋಚಿಸಲೂ ಬೇಡಿ. ದೊಡ್ಡ ಗಂಡು 800 ಕಿಲೋ ಮೀರಿ ತೂಗುವುದುಂಟು. ರಾಧಾನಗರಿ ಅಭಯಾರಣ್ಯ ಹೆಸರಾಗಿರುವುದೇ ಇವುಗಳಿಂದ. ಹಿಂಡು ತಪ್ಪಿ ಊರ ಕಡೆ ಬಂದ ಒಂಟಿ ಗವಾದ ಸುತ್ತ ಜನ ನೆರೆದು, ಕೂಗಾಡಿ, ಫೋಟೋ ತೆಗೆದರೆ ಅದು ಬೆದರಿ ನುಗ್ಗುತ್ತದೆ. ದೂರ ಸರಿದು ದಾರಿ ಬಿಡಿ. 2002ರ ಸುಮಾರಿಗೆ ಕರ್ನಾಟಕದ ಕಾಡಿನಿಂದ ಈ ಕಡೆ ಬರತೊಡಗಿದ ಆನೆಗಳು ಚಂದಗಡ, ಆಜರಾ ತಾಲೂಕುಗಳ ರೈತರಿಗೆ ಪರಿಚಿತವೇ. ಆನೆ ಕಂಡರೆ ಪಟಾಕಿ, ಸೆಲ್ಫಿ ಬೇಡ, ಅರಣ್ಯ ಇಲಾಖೆಗೆ ತಿಳಿಸಿ.

ಬೆಂಕಿ: ಆಟದಲ್ಲಿ ಬೆಂಕಿ ಹಾಕದಿದ್ದರೆ ಸಾವು. ನಿಜದ ಮೀಸಲು ಅರಣ್ಯದಲ್ಲಿ ಬೆಂಕಿ ಹಾಕಿದರೆ 1927ರ ಭಾರತೀಯ ಅರಣ್ಯ ಕಾಯ್ದೆಯಂತೆ ಅಪರಾಧ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು, ಗುಡ್ಡ ಪೂರ್ತಿ ಬೋಳಾಗುತ್ತದೆ.

ದಾರಿ ತಪ್ಪಿದರೆ: ಆಟದಲ್ಲಿ ನಡೆದಂತೆ ನಕಾಶೆ ತಾನೇ ತೆರೆದುಕೊಳ್ಳುತ್ತದೆ. ಅಂಬೋಲಿಯ ಮಂಜಿನಲ್ಲಿ ಹತ್ತು ಮಾರು ದೂರ ಕಾಣದು. ದಾರಿ ತಪ್ಪಿತೆಂದು ತಿಳಿದ ಕೂಡಲೇ ನಿಲ್ಲಿ. ಸುಮ್ಮನೆ ನಡೆದಷ್ಟೂ ಹುಡುಕುವವರಿಗೆ ಕಷ್ಟ. ಫೋನಿನ ಬ್ಯಾಟರಿ ಉಳಿಸಿ 112ಕ್ಕೆ ಕರೆ ಮಾಡಿ. ಅಂಬುಲೆನ್ಸಿಗೆ 108. ಎರಡೂ ನಂಬರು ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಒಂದೇ. ಹೋಗುವ ಮೊದಲು ಎಲ್ಲಿಗೆ, ಯಾವಾಗ ವಾಪಸು ಎಂದು ಮನೆಯಲ್ಲಿ ಹೇಳಿಯೇ ಹೊರಡಿ.

ಇಷ್ಟಾದರೂ ಈ ಆಟದಿಂದ ಕಲಿಯುವುದೇನೂ ಇಲ್ಲ ಎನ್ನಲಾಗದು. ಹಗಲಿರುವಾಗಲೇ ರಾತ್ರಿಯ ಚಿಂತೆ, ಸುಗ್ಗಿಯಲ್ಲೇ ಚಳಿಗಾಲದ ಚಿಂತೆ, ಕಡಿದಷ್ಟು ನೆಡುವುದು, ಎದುರಿನವರ ಬಲ ತಿಳಿಯದೆ ಜಗಳ ತೆಗೆಯದಿರುವುದು: ಇದೆಲ್ಲ ಒಕ್ಕಲುತನದ ಬುದ್ಧಿಯೇ. ಆಟದಲ್ಲಿ ಸತ್ತರೆ ಮತ್ತೆ ಮೊದಲ ದಿನದಿಂದ ಶುರು ಮಾಡಬಹುದು. ಹೊಲದಲ್ಲಿ, ಕಾಡಿನಲ್ಲಿ ಆ ಗುಂಡಿ ಇಲ್ಲ. ಹುಡುಗರಿಗೆ ಇದೊಂದು ಮಾತು ಕೂಡಿಸಿ ಮೊಬೈಲ್ ಕೊಡಿ.