ಹೇಗಿತ್ತು ರೀ, ಪಿಕ್ಚರು?

ಚಿತ್ರಮಂದಿರದಿಂದ ಹೊರಬಿದ್ದ ಮನುಷ್ಯನಿಗೆ ಎರಡು ಆತುರಗಳಿರುತ್ತವೆ. ಮನೆಗೆ ಹೋಗಲು ಆಟೋರಿಕ್ಷಾ ಹಿಡಿಯುವುದು ಒಂದು. ಆಗ ತಾನೇ ನೋಡಿದ ಚಿತ್ರದ ಮೇಲೆ ತೀರ್ಪು ಕೊಡುವುದು ಇನ್ನೊಂದು. ಮೊದಲನೆಯದು ಕೈಗೂಡುವುದೂ ಬಿಡುವುದೂ ಆಟೋ ಚಾಲಕನ ದಯೆಗೆ ಸೇರಿದ್ದು. ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ತೀರ್ಪು ಕೊಡುವವನು ಅಭಿನಯ ಬಲ್ಲವನಾಗಿರಬೇಕೆಂದಿಲ್ಲ, ಸಂಗೀತದ ಗಂಧ ಸೋಕಿರಬೇಕೆಂದಿಲ್ಲ. ಟಿಕೆಟ್ಟಿಗೆ ಹಣ ತೆತ್ತಿದ್ದರೆ ಸಾಕು, ಅಂದಿನ ಮಟ್ಟಿಗೆ ಅವನೇ ನ್ಯಾಯಾಧೀಶ. ಅಲ್ಲಿ ವಕೀಲರಿಲ್ಲ, ಸಾಕ್ಷಿಗಳಿಲ್ಲ, ಮೇಲ್ಮನವಿಗೂ ಅವಕಾಶವಿಲ್ಲ.

ಈ ನ್ಯಾಯಾಲಯದ ಭಾಷೆಯೇ ಬೇರೆ. ಭಾನುವಾರ ಸಂಜೆ ಚಿತ್ರ ನೋಡಿ ಬಂದ ಗೃಹಿಣಿಯನ್ನು ಸೋಮವಾರ ಬೆಳಿಗ್ಗೆ ಪಕ್ಕದ ಮನೆಯಾಕೆ ಕಾಂಪೌಂಡ್ ಗೋಡೆಯ ಆಚೆಯಿಂದ ವಿಚಾರಿಸುತ್ತಾರೆ:

“ಹೇಗಿತ್ತು ರೀ, ಪಿಕ್ಚರು?”

“ಪರವಾಗಿಲ್ಲ ರೀ. ಒಂದು ಸಲ ನೋಡಬಹುದು.”

“ನಮ್ಮತ್ತೇನ ಕರಕೊಂಡು ಹೋಗಬಹುದೇ?”

“ಅಯ್ಯೋ, ಅವರಿಗೆ ಯಾಕೆ ಆಯಾಸ ಮಾಡಿಸ್ತೀರಿ? ಟೀವೀಲಿ ಬಂದಾಗ ನೋಡಿದರಾಯ್ತು ಬಿಡಿ.”

ನಾಲ್ಕೇ ಮಾತು. ಆದರೆ ಪಕ್ಕದ ಮನೆಯಾಕೆಗೆ ತಿಳಿಯಬೇಕಾದುದೆಲ್ಲವೂ ಅದರಲ್ಲಿ ತಿಳಿದುಹೋಯಿತು. ಚಿತ್ರ ಕೆಟ್ಟದ್ದಲ್ಲ, ಆದರೆ ನಾಲ್ವರ ಸಂಸಾರ ಟಿಕೆಟ್ಟು, ತಿಂಡಿ, ಓಡಾಟವೆಂದು ಸಾವಿರಕ್ಕೂ ಮಿಕ್ಕಿ ಖರ್ಚು ಮಾಡುವಷ್ಟು ಒಳ್ಳೆಯದೂ ಅಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು ನೋಡಲು ಮುಜುಗರವಾಗುವ ಒಂದೆರಡು ದೃಶ್ಯಗಳೂ ಇವೆ. ಇದನ್ನೆಲ್ಲ ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ.

‘ಪರವಾಗಿಲ್ಲ’ ಎಂಬ ಈ ಒಂದು ಪದದ ಮೇಲೆಯೇ ಯಾರಾದರೂ ಪ್ರಬಂಧ ಬರೆಯಬೇಕು. ಹುಬ್ಬೇರಿಸಿ, ಚುರುಕಾಗಿ ಅಂದರೆ ‘ನಾನು ಎಣಿಸಿದ್ದಕ್ಕಿಂತ ಚೆನ್ನಾಗಿದೆ’ ಎಂದರ್ಥ. ನಡುವೆ ರಾಗ ಎಳೆದರೆ ‘ಹೋಗಬೇಡಿ’ ಎಂದು. ಕಣ್ಣು ಬೇರೆಲ್ಲೋ ನೆಟ್ಟು ಹೇಳಿದರೆ, ಚಿತ್ರದಲ್ಲಿ ಹೇಳುವವರ ನೆಂಟರಲ್ಲಿ ಯಾರೋ ಕೆಲಸ ಮಾಡಿದ್ದಾರೆಂದು ತಿಳಿಯಬೇಕು. ‘ಕಥೆ ಚೆನ್ನಾಗಿದೆ’ ಎಂದರೆ ಮಿಕ್ಕದ್ದು ಚೆನ್ನಾಗಿಲ್ಲವೆಂದು ಅರ್ಥ. ‘ಇಂಟರ್‌ವಲ್‌ವರೆಗೂ ಸೊಗಸಾಗಿದೆ’ ಎನ್ನುವುದು ನಯವಾದ ಎಚ್ಚರಿಕೆ. ‘ಕಾಸಿಗೆ ಮೋಸವಿಲ್ಲ’ ಎಂಬುದೇ ಮಧ್ಯಮ ವರ್ಗದ ಕುಟುಂಬ ಒಂದು ಚಿತ್ರಕ್ಕೆ ಕೊಡಬಲ್ಲ ಪರಮೋಚ್ಚ ಪ್ರಶಸ್ತಿ.

ಇಂಥ ಮಾತಿಗೆ ಬೆಲೆ ಬರುವುದು ಆಡುವವರ ಪರಿಚಯದಿಂದ. ಪಕ್ಕದ ಮನೆಯಾಕೆಗೆ ಅಳು ತರಿಸುವ ಚಿತ್ರವೆಂದರೆ ಪ್ರಾಣ. ಎದುರು ಮನೆಯ ನಿವೃತ್ತ ಮೇಷ್ಟರಿಗೆ 1970ರಿಂದೀಚೆಗೆ ಬಂದ ಯಾವ ಚಿತ್ರವೂ ಹಿಡಿಸಿಲ್ಲ. ಮಹಡಿಯ ಮೇಲಿನ ಇಂಜಿನಿಯರಿಂಗ್ ವಿದ್ಯಾರ್ಥಿ ತನ್ನ ನೆಚ್ಚಿನ ನಾಯಕ ತೆರೆಯ ಮೇಲೆ ಆಕಳಿಸಿದರೂ ಶಿಳ್ಳೆ ಹಾಕುತ್ತಾನೆ. ಇದು ನಮಗೆ ಗೊತ್ತಿರುವುದರಿಂದ ಅವರ ತೀರ್ಪಿಗೆ ಅಷ್ಟು ಕೂಡಿಸಿ, ಇಷ್ಟು ಕಳೆದು ಲೆಕ್ಕ ಹಾಕಿಕೊಳ್ಳುತ್ತೇವೆ. ತಕ್ಕಡಿಯ ದೋಷ ತಿಳಿದಿದ್ದರೆ ತೂಕ ತಿದ್ದಿಕೊಳ್ಳುವುದು ಕಷ್ಟವಲ್ಲ.

ಕನ್ನಡದ ದೊಡ್ಡ ಯಶಸ್ಸುಗಳಲ್ಲಿ ಹಲವು ಈ ಬಾಯಿಮಾತಿನಿಂದಲೇ ಬೆಳೆದವು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಬಂಗಾರದ ಮನುಷ್ಯ’ 1972ರಲ್ಲಿ ತೆರೆಕಂಡು, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಎರಡು ವರ್ಷ ಓಡುವ ಚಿತ್ರವನ್ನು ಭಿತ್ತಿಪತ್ರ ಓಡಿಸಲಾರದು. ನೋಡಿದವರು ಮತ್ತೊಬ್ಬರನ್ನು ಕೈಹಿಡಿದು ಕರೆತಂದಿರಲೇಬೇಕು. 2006ರ ಡಿಸೆಂಬರ್ 29ರಂದು ಬಿಡುಗಡೆಯಾದ ‘ಮುಂಗಾರು ಮಳೆ’ಯ ಕಥೆಯೂ ಅಷ್ಟೆ. ಕಿರುತೆರೆಯಿಂದ ಬಂದ ಹುಡುಗ ನಾಯಕ. ಮೊದಲ ದಿನವೇ ಜನರನ್ನು ಸೆಳೆಯುವ ತಾರಾಬಲವಿಲ್ಲ. ಆದರೂ ನೋಡಿದವರ ಮಾತು ಮನೆಯಿಂದ ಮನೆಗೆ ಹಬ್ಬಿ, ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿಯೇ ಒಂದು ವರ್ಷ ದಾಟಿತು.

ಈಗ ಈ ಮಾತಿನ ಸ್ಥಾನಕ್ಕೆ ಅಂಕಿ ಬಂದು ಕುಳಿತಿದೆ. ಚಿತ್ರಮಂದಿರದ ಮೆಟ್ಟಿಲಿಳಿಯುವುದರೊಳಗೆ ಕೈಯಲ್ಲಿರುವ ಫೋನೇ ಕೇಳುತ್ತದೆ: ‘ಹತ್ತಕ್ಕೆ ಎಷ್ಟು?’ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ನಿಂತು ಆಡುತ್ತಿದ್ದುದನ್ನೆಲ್ಲ ಒಂದು ಅಂಕಿಯೊಳಗೆ ತುರುಕಬೇಕು.

ಚಿತ್ರಕ್ಕೆ ಅಂಕ ಕೊಡುವ ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ‘ನ್ಯೂಯಾರ್ಕ್ ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಐರೀನ್ ಥೈರರ್ ಎಂಬ ವಿಮರ್ಶಕಿ 1928ರಲ್ಲಿಯೇ ಚಿತ್ರಗಳಿಗೆ ನಕ್ಷತ್ರಗಳನ್ನು ಹಂಚತೊಡಗಿದ್ದರು. ಆದರೆ ಅದು ವಿಮರ್ಶಕರ ತಕ್ಕಡಿ. ಸಾಮಾನ್ಯ ಪ್ರೇಕ್ಷಕನ ಕೈಗೆ ತಕ್ಕಡಿ ಬಂದದ್ದು ಅದಕ್ಕೆ ಅರ್ಧ ಶತಮಾನದ ನಂತರ, ಸ್ವಾರಸ್ಯವಾದ ರೀತಿಯಲ್ಲಿ. 1978ರಲ್ಲಿ ಎಡ್ ಮಿಂಟ್ಸ್ ಎಂಬವರು, ತಮ್ಮ ಮೆಚ್ಚಿನ ಲೇಖಕ ನೀಲ್ ಸೈಮನ್ ಬರೆದ ‘ದಿ ಚೀಪ್ ಡಿಟೆಕ್ಟಿವ್’ ಚಿತ್ರಕ್ಕೆ ಹೋಗಿ ನಿರಾಶರಾದರು. ಅಲ್ಲಿಯೇ ಇನ್ನೊಬ್ಬ ಪ್ರೇಕ್ಷಕರು, ವಿಮರ್ಶಕರ ಮಾತು ಸಾಕು, ನಮ್ಮಂಥ ಸಾಮಾನ್ಯರ ಅಭಿಪ್ರಾಯ ತಿಳಿಯುವಂತಾಗಬೇಕು ಎಂದು ಗೊಣಗಿದ್ದು ಅವರ ಕಿವಿಗೆ ಬಿತ್ತು. ಬಳಿಕ ಯಹೂದಿಗಳ ಯೋಮ್ ಕಿಪ್ಪುರ್ ಹಬ್ಬದ ದಿನ ಪ್ರಾರ್ಥನಾ ಮಂದಿರದಲ್ಲಿ ಕಾಣಿಕೆಯ ಚೀಟಿಯೊಂದು ಅವರ ಕೈಗೆ ಬಂತು. ಬರೆಯುವ ತೊಂದರೆಯಿಲ್ಲ; ಚೀಟಿಯ ಅಂಚನ್ನು ಮಡಿಸಿದರೆ ಎಷ್ಟು ಕಾಣಿಕೆಯೆಂದು ತಿಳಿಯುತ್ತದೆ. ಇದನ್ನೇ ಚಿತ್ರಕ್ಕೂ ಏಕೆ ಮಾಡಬಾರದು ಎಂದುಕೊಂಡರು. ‘ಸಿನೆಮಾಸ್ಕೋರ್’ ಹುಟ್ಟಿದ್ದು ಹೀಗೆ. ಬಿಡುಗಡೆಯ ದಿನ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು, ಶಾಲೆಯ ಮಕ್ಕಳಿಗೆ ಕೊಡುವಂತೆ ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೊಡಿಸುವ ಕ್ರಮ ಅಲ್ಲಿ ಈಗಲೂ ನಡೆದಿದೆ.

ಈ ದರ್ಜೆ ಅಳೆಯುವುದೇನನ್ನು? ಚಿತ್ರದ ಗುಣವನ್ನೇ ಎಂದು ಹೇಳುವುದು ಕಷ್ಟ. ಸ್ಟೀವನ್ ಸೋಡರ್‌ಬರ್ಗ್ 2002ರಲ್ಲಿ ತೆಗೆದ ‘ಸೋಲಾರಿಸ್’, ಡ್ಯಾರೆನ್ ಅರೊನಾಫ್‌ಸ್ಕಿ 2017ರಲ್ಲಿ ತೆಗೆದ ‘ಮದರ್!’, ಎರಡಕ್ಕೂ ಎಫ್ ಬಂತು. ಎಂದರೆ ಸಾರಾಸಗಟಾಗಿ ನಪಾಸು. ಎರಡನ್ನೂ ಗಂಭೀರವಾಗಿ ಮೆಚ್ಚಿಕೊಂಡವರು ಅಂದೂ ಇದ್ದರು, ಇಂದೂ ಇದ್ದಾರೆ. ಒಂದು ಬಗೆಯ ಚಿತ್ರವನ್ನು ನಿರೀಕ್ಷಿಸಿ ಬಂದ ಜನಕ್ಕೆ ಇನ್ನೊಂದು ಬಗೆಯದು ಸಿಕ್ಕಿತು, ಅಷ್ಟೆ. ಮಸಾಲೆದೋಸೆ ಕೇಳಿದವನ ಮುಂದೆ ಶಾವಿಗೆ ಪಾಯಸವಿಟ್ಟರೆ ಪಾಯಸಕ್ಕೆ ನ್ಯಾಯ ದೊರಕೀತೆ?

ಮನೆಮನೆಗೂ ತಿಳಿದಿರುವ ‘ಐಎಮ್‌ಡಿಬಿ’ ಆರಂಭವಾದದ್ದು 1990ರಲ್ಲಿ, ಬ್ರಿಟನ್ನಿನ ಕಾಲ್ ನೀಡಮ್ ಎಂಬ ಚಿತ್ರಪ್ರೇಮಿಯ ಹವ್ಯಾಸವಾಗಿ. 1998ರಲ್ಲಿ ಅಮೆಜಾನ್ ಕಂಪನಿ ಅದನ್ನು ಕೊಂಡಿತು. ಒಂದರಿಂದ ಹತ್ತರವರೆಗೆ ಯಾರು ಬೇಕಾದರೂ ಅಂಕ ಕೊಡಬಹುದು. ಆದರೆ ಬಂದ ಅಂಕಗಳನ್ನು ಅವರು ಸುಮ್ಮನೆ ಕೂಡಿ ಭಾಗಿಸುವುದಿಲ್ಲ. ಅತ್ಯುತ್ತಮ 250 ಚಿತ್ರಗಳ ಪಟ್ಟಿಗೆಂದು ಅವರು ಪ್ರಕಟಿಸಿದ ಸೂತ್ರ ಹೀಗಿದೆ: ಪ್ರತಿ ಚಿತ್ರಕ್ಕೂ ಬಂದ ಮತಗಳ ಜೊತೆಗೆ, ‘ಸಾಧಾರಣ ಚಿತ್ರ’ ಎಂದು ಹೇಳುವ 25,000 ಕಾಲ್ಪನಿಕ ಮತಗಳನ್ನು ಸೇರಿಸಿ ಲೆಕ್ಕ ಹಾಕಿದಂತೆ. ಸಾಧಾರಣವೆಂದರೆ 7 ಎಂದಿಟ್ಟುಕೊಳ್ಳಿ. ಒಂದು ಚಿತ್ರಕ್ಕೆ 25,000 ಮಂದಿ ಸರಾಸರಿ 9 ಕೊಟ್ಟರೆ ಅದರ ಅಂಕ 8ಕ್ಕೆ ಇಳಿಯುತ್ತದೆ. ಅದೇ 9ನ್ನು 2,25,000 ಮಂದಿ ಕೊಟ್ಟರೆ 8.8 ಆಗುತ್ತದೆ. ಹತ್ತು ಜನ ಗೆಳೆಯರು ಸೇರಿ ಹತ್ತಕ್ಕೆ ಹತ್ತು ಕೊಟ್ಟ ಮಾತ್ರಕ್ಕೆ ಚಿತ್ರ ಪಟ್ಟಿಯ ಮೇಲೇರಬಾರದೆಂದು ಈ ಏರ್ಪಾಡು. ನಮ್ಮ ಅಜ್ಜಿಯಂದಿರೂ ಇದನ್ನೇ ಮಾಡುತ್ತಿದ್ದರು: ಒಬ್ಬರು ಹೊಗಳಿದರೆ ‘ನೋಡೋಣ’ ಎನ್ನುತ್ತಿದ್ದರು, ಹತ್ತು ಮನೆಯವರು ಹೊಗಳಿದ ಮೇಲೆಯೇ ಸೀರೆ ಬದಲಾಯಿಸಿ ಹೊರಡುತ್ತಿದ್ದುದು.

ಮೊದಮೊದಲು ಬರುವ ಅಂಕಗಳನ್ನು ನಂಬಬಾರದೆನ್ನಲು ನಮ್ಮದೇ ‘ಕಾಂತಾರ’ ಒಳ್ಳೆಯ ನಿದರ್ಶನ. 2022ರ ಸೆಪ್ಟೆಂಬರ್ 30ರಂದು ಅದು ತೆರೆಕಂಡ ಹೊಸತರಲ್ಲಿ ಐಎಮ್‌ಡಿಬಿ ಅಂಕ 9ಕ್ಕೂ ಮೇಲಿತ್ತು. ಬರಬರುತ್ತಾ 8ರ ಆಸುಪಾಸಿಗೆ ಬಂದು ನಿಂತಿತು. ಚಿತ್ರವೇನೂ ಬದಲಾಗಲಿಲ್ಲ, ಬದಲಾದವರು ನೋಡುವವರು. ಮೊದಲ ವಾರ ಅಂಕ ಕೊಡಲು ಧಾವಿಸುವವರು ಮೆಚ್ಚಿ ಮೈಮರೆತವರು. ತಿಂಗಳಾದ ಮೇಲೆ ಬರುವವರು ‘ಅಂಥಾದ್ದೇನಿದೆ ನೋಡೋಣ’ ಎಂದು ಕೈಕಟ್ಟಿ ಕುಳಿತವರು. ಹಾಗೆಂದು ಅಂಕ ಇಳಿದದ್ದರಿಂದ ಚಿತ್ರದ ಗೆಲುವಿಗೆ ಕುಂದು ಬರಲಿಲ್ಲ. ಅದೇ ದಿನ ಮಣಿರತ್ನಂ ಅವರ ‘ಪೊನ್ನಿಯಿನ್ ಸೆಲ್ವನ್’ ಭಾರಿ ವೈಭವದೊಡನೆ ಬಂದಿದ್ದರೂ, ಕನ್ನಡದಲ್ಲಿ ಮಾತ್ರ ಬಿಡುಗಡೆಯಾಗಿದ್ದ ಈ ಚಿತ್ರದ ಸುದ್ದಿ ಗಡಿ ದಾಟಿತು. ಎರಡು ವಾರ ತುಂಬುವುದರೊಳಗೆ, ಅಕ್ಟೋಬರ್ 14ಕ್ಕೆ, ಹಿಂದಿಗೆ ಡಬ್ ಆಗಿ ತೆರೆಗೆ ಬಂತು.

ಇನ್ನು ‘ರಾಟನ್ ಟೊಮ್ಯಾಟೋಸ್’. ಕೆಟ್ಟ ನಟರ ಮೇಲೆ ಜನ ಕೊಳೆತ ಟೊಮೇಟೊ ಎಸೆಯುತ್ತಿದ್ದ ಹಳೆಯ ಪದ್ಧತಿಯಿಂದ ಹೆಸರು ಪಡೆದ ಈ ಸಂಸ್ಥೆಯ ಅಂಕವನ್ನು ಓದುವಾಗ ಬಹಳ ಮಂದಿ ಎಡವುತ್ತಾರೆ. ಅಲ್ಲಿ ಶೇಕಡಾ 90 ಎಂದಿದ್ದರೆ ಚಿತ್ರಕ್ಕೆ ಹತ್ತಕ್ಕೆ ಒಂಬತ್ತು ಎಂದಲ್ಲ. ನೂರು ವಿಮರ್ಶಕರಲ್ಲಿ ತೊಂಬತ್ತು ಮಂದಿ ‘ಪರವಾಗಿಲ್ಲ’ ಅಥವಾ ಅದಕ್ಕಿಂತ ಮೇಲು ಅಂದಿದ್ದಾರೆ ಎಂದಷ್ಟೇ. ಎಲ್ಲರೂ ‘ಪರವಾಗಿಲ್ಲ’ ಎಂದ ಚಿತ್ರಕ್ಕೆ ನೂರಕ್ಕೆ ನೂರು ಬರುತ್ತದೆ; ಅರ್ಧ ಜನ ಪ್ರಾಣವನ್ನೇ ಕೊಟ್ಟು, ಇನ್ನರ್ಧ ಜನ ಎದ್ದು ಹೋದ ಚಿತ್ರಕ್ಕೆ ಐವತ್ತು. ಎರಡನೆಯ ಚಿತ್ರವನ್ನು ನೋಡಲೇಬೇಕೆಂದು ನನಗಂತೂ ಅನ್ನಿಸುತ್ತದೆ.

ಪ್ರೇಕ್ಷಕ ಸುಳ್ಳು ಹೇಳುವುದೂ ಉಂಟು, ತನಗೆ ತಾನೇ. ನೆಟ್‌ಫ್ಲಿಕ್ಸ್ ಕಂಪನಿ 2017ರಲ್ಲಿ ಐದು ನಕ್ಷತ್ರಗಳ ಪದ್ಧತಿಯನ್ನು ಕೈಬಿಟ್ಟು, ಹೆಬ್ಬೆಟ್ಟು ಮೇಲೆ ಅಥವಾ ಕೆಳಗೆ ಎಂಬ ಸರಳ ಕ್ರಮಕ್ಕೆ ಬಂತು. ಗಂಭೀರ ಸಾಕ್ಷ್ಯಚಿತ್ರಗಳಿಗೆ ಐದು ನಕ್ಷತ್ರ ಕೊಟ್ಟವರೇ, ತಾವು ಮೂರು ನಕ್ಷತ್ರ ಕೊಟ್ಟ ಹಾಸ್ಯಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತಿದ್ದುದು ಅವರ ಗಮನಕ್ಕೆ ಬಂದಿತ್ತು. ನಮ್ಮಲ್ಲಿ ಇದು ಹೊಸದೇ? ನಾಲ್ಕು ಜನರ ನಡುವೆ ‘ಘಟಶ್ರಾದ್ಧ’ವನ್ನು ಕೊಂಡಾಡುವ ಎಷ್ಟು ಮಂದಿ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟೀವಿಯ ಮುಂದೆ ‘ಗಣೇಶನ ಮದುವೆ’ ಹಾಕಿಕೊಂಡು ಏಳನೆಯ ಸಲ ನಗುತ್ತಿರುವುದಿಲ್ಲ! ಎರಡೂ ಪ್ರೀತಿಯೇ. ಒಂದು ಗೌರವದ ಪ್ರೀತಿ, ಇನ್ನೊಂದು ಒಡನಾಟದ್ದು. ಒಂದೇ ಅಂಕಿ ಎರಡನ್ನೂ ಹೇಳಲಾರದು.

ಇಷ್ಟಾದರೆ ನಗುತ್ತಾ ಬಿಡಬಹುದಿತ್ತು. ಆದರೆ ಅಂಕಿಗೆ ಹಣದ ಬಲ ಬಂದ ಮೇಲೆ, ಅದನ್ನು ತಿರುಚುವವರೂ ಹುಟ್ಟಿಕೊಂಡಿದ್ದಾರೆ. ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬನ ಚಿತ್ರಕ್ಕೆ, ನೋಡುವ ಮೊದಲೇ ಸಾಲುಸಾಲಾಗಿ ಒಂದೊಂದು ಅಂಕ ಸುರಿಯುತ್ತಾರೆ, ತಮ್ಮವನಿಗೆ ಹತ್ತು. ಇದನ್ನು ತಡೆಯಲು ರಾಟನ್ ಟೊಮ್ಯಾಟೋಸ್ 2019ರಲ್ಲಿ, ಬಿಡುಗಡೆಗೆ ಮುಂಚೆ ಟೀಕೆ ಬರೆಯುವುದನ್ನು ನಿಲ್ಲಿಸಿ, ಟಿಕೆಟ್ಟು ಕೊಂಡದ್ದು ಖಾತರಿಯಾದವರ ಅಂಕವನ್ನು ಪ್ರತ್ಯೇಕವಾಗಿ ತೋರಿಸತೊಡಗಿತು. ನಮ್ಮ ನೆರೆರಾಜ್ಯಗಳಲ್ಲಿ ವಿಷಯ ನ್ಯಾಯಾಲಯದ ಮೆಟ್ಟಿಲನ್ನೇ ಏರಿತು. ಕೇರಳ ಹೈಕೋರ್ಟಿನ ಮುಂದೆ 2023ರಲ್ಲಿ ಬಂದ ಪ್ರಕರಣದಲ್ಲಿ, ಬಿಡುಗಡೆಯಾಗಿ 48 ಗಂಟೆ ಕಳೆಯುವವರೆಗೆ ವಿಮರ್ಶೆ ಮಾಡದಿರುವುದು ಒಳಿತೆಂದು ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ವಕೀಲರು ಮರುವರ್ಷ ಸಲಹೆಯಿತ್ತರು. ಮೂರು ದಿನ ವಿಮರ್ಶೆಯನ್ನೇ ನಿಷೇಧಿಸಬೇಕೆಂದು ತಮಿಳು ನಿರ್ಮಾಪಕರು 2024ರಲ್ಲಿ ಮದ್ರಾಸ್ ಹೈಕೋರ್ಟನ್ನು ಕೇಳಿಕೊಂಡಾಗ, ನ್ಯಾಯಾಲಯ ಮಧ್ಯಂತರ ತಡೆ ಕೊಡಲು ಒಪ್ಪಲಿಲ್ಲ.

ನಿರ್ಮಾಪಕರ ಸಂಕಟ ಸುಳ್ಳಲ್ಲ. ಶುಕ್ರವಾರ ತೆರೆಕಂಡ ಚಿತ್ರದ ಭವಿಷ್ಯ ಭಾನುವಾರ ರಾತ್ರಿಯೊಳಗೆ ತೀರ್ಮಾನವಾಗಿಬಿಡುತ್ತದೆ; ಕುರ್ಚಿ ತುಂಬದಿದ್ದರೆ ಸೋಮವಾರದಿಂದ ಪ್ರದರ್ಶನಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಮನೆ ಅಡವಿಟ್ಟು ಚಿತ್ರ ತೆಗೆದವನಿಗೆ ಸುಳ್ಳು ಅಂಕದ ಪೆಟ್ಟು ಎಂಥದೆಂದು ಊಹಿಸಬಹುದು. ಆದರೆ ಬಾಯಿ ಕಟ್ಟಿದರೆ ಮೊದಲು ಸಾಯುವುದೂ ಅವನ ಚಿತ್ರವೇ. ದೊಡ್ಡ ತಾರೆಯ ಚಿತ್ರಕ್ಕೆ ಊರ ತುಂಬ ಕಟೌಟು ನಿಲ್ಲಿಸುವವರಿದ್ದಾರೆ. ಚಿಕ್ಕ ಚಿತ್ರಕ್ಕೆ ಇರುವುದು ಶುಕ್ರವಾರದ ಮಾರ್ನಿಂಗ್ ಷೋ ನೋಡಿ ಹೊರಬಂದ ಮೂವತ್ತು ಜನರ ಬಾಯಿ ಮಾತ್ರ. ಆ ಮೂವತ್ತು ಜನ ಮೂರು ದಿನ ಸುಮ್ಮನಿರಬೇಕೆಂದರೆ ಚಿತ್ರದ ತಿಥಿಗೆ ದಿನ ಗೊತ್ತು ಮಾಡಿದಂತೆಯೇ ಸರಿ. ಅವರಲ್ಲೊಬ್ಬರು ಬರಿಯ ‘6’ ಒತ್ತುವ ಬದಲು, ‘ಮೊದಲ ಅರ್ಧಗಂಟೆ ನಿಧಾನ, ತಾಯಿಯ ಪಾತ್ರ ಮನಮುಟ್ಟುತ್ತದೆ, ಚಿಕ್ಕ ಮಕ್ಕಳಿಗಲ್ಲ’ ಎಂದು ಒಂದು ಸಾಲು ಬರೆದರೆ, ಓದುವ ಮನೆಯವರಿಗೂ ಉಪಕಾರ, ತೆಗೆದವನಿಗೂ ಉಪಕಾರ.

ಆರಂಭದ ತೀರ್ಪು ತಲೆಕೆಳಗಾದ ಅತಿ ದೊಡ್ಡ ಪ್ರಸಂಗ ನಡೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರದ ವಿಷಯದಲ್ಲಿ. 1975ರ ಆಗಸ್ಟ್ 15ರಂದು ‘ಶೋಲೆ’ ಬಿಡುಗಡೆಯಾದಾಗ ವಿಮರ್ಶಕರು ಹೀಗಳೆದರು. ವ್ಯಾಪಾರಿ ಪತ್ರಿಕೆಗಳು ಸೋಲೆಂದು ಬರೆದವು. ಅಮಿತಾಭ್ ಬಚ್ಚನ್ನರ ಪಾತ್ರ ಸಾಯದಂತೆ ಕೊನೆಯನ್ನು ಬದಲಾಯಿಸಿ ಮತ್ತೆ ಚಿತ್ರಿಸಬೇಕೆ ಎಂಬವರೆಗೂ ಚರ್ಚೆ ನಡೆಯಿತು. ಪ್ರೇಕ್ಷಕರೋ, ಚಪ್ಪಾಳೆಯಿಲ್ಲ, ಶಿಳ್ಳೆಯಿಲ್ಲ, ಸುಮ್ಮನೆ ಕುಳಿತಿದ್ದರು. ನಿರ್ದೇಶಕ ರಮೇಶ್ ಸಿಪ್ಪಿಯವರು ಚಿಂತೆಯಲ್ಲಿದ್ದಾಗ ಮುಂಬಯಿಯ ಚಿತ್ರಮಂದಿರವೊಂದರ ಮಾಲೀಕರು, ನಿಮ್ಮ ಚಿತ್ರ ಗೆದ್ದಿತು ಎಂದರಂತೆ. ಅದು ನಿಮಗೆ ಹೇಗೆ ಗೊತ್ತು ಎಂದದ್ದಕ್ಕೆ ಅವರು ಕೊಟ್ಟ ಲೆಕ್ಕ ಇಷ್ಟೆ: ತಮ್ಮಲ್ಲಿ ತಂಪು ಪಾನೀಯ, ಐಸ್‌ಕ್ರೀಮುಗಳ ಮಾರಾಟ ಇಳಿದುಹೋಗಿದೆ, ಇಂಟರ್‌ವಲ್‌ನಲ್ಲಿ ದೀಪ ಹತ್ತಿದರೂ ಜನ ಕುರ್ಚಿ ಬಿಟ್ಟು ಏಳುತ್ತಿಲ್ಲ. ಮುಂಬಯಿಯ ಮಿನರ್ವ ಚಿತ್ರಮಂದಿರದಲ್ಲಿ ‘ಶೋಲೆ’ ಐದು ವರ್ಷ ಓಡಿತು.